ಬೀರುವಿನಲ್ಲಿಟ್ಟ ಜೋಡಿ ವಾಲ್ವು

ಬಹಳ ದಿನಗಳ ಮೇಲೆ ಇಸ್ತ್ರಿ ಪೆಟ್ಟಿಗೆಗೆ ಕರೆಂಟು ಕೊಟ್ಟೆ. ಮೇಲೆ ಕೂತಿದ್ದ ಧೂಳು ಕಾದು ವಾಸನೆ ಬಂತು. ಪಕ್ಕದ ಮನೆ ಸಾಹೇಬರ ಆಂಪ್ಲಿಫೈಯರ್ ಬಿಸಿಯಾದಾಗ ಬರುತ್ತಿದ್ದುದು ಇದೇ ವಾಸನೆ... ನೆನಪಿನ ಜೊತೆ ಹಳೆಯ ಸಿಟ್ಟೂ ಬಂತು.

ಸಾಹೇಬರಿಗೆ ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಲಾರಿ ಸ್ಪೇರ್ ಪಾರ್ಟಿನ ಅಂಗಡಿ ಇತ್ತು. ಆ ಆಂಪ್ಲಿಫೈಯರ್ ಅವರ ತಂದೆಯದು. ಸಂಜೆ ಅಂಗಡಿ ಮುಚ್ಚಿ ಬಂದವರು ಗ್ರಾಮಫೋನಿನ ತಟ್ಟೆ ಹಾಕಿಕೊಂಡು ಕೂರುತ್ತಿದ್ದರು. ನಾನೂ ಹೋಗಿ ಕೂರುತ್ತಿದ್ದೆ. ಒಳಗೆ ಬಲ್ಬಿನಂತೆ ಉರಿಯುವ ಗಾಜಿನ ಜೋಡಿ ವಾಲ್ವುಗಳು ಹಳತಾಗುತ್ತ ಬಂದಂತೆ ದನಿ ಮಂಕಾಗುತ್ತ ಬಂತು. ತಬಲಾದ ಪೆಟ್ಟು ಮೆತ್ತಗಾಯಿತು. ಹಾಡುವವರು ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತಿತ್ತು, ದನಿ ಏರಿಸಿದಲ್ಲೆಲ್ಲ ಗೊರಗೊರ. ದಿನಾ ಕೇಳುವ ಸಾಹೇಬರಿಗೆ ಅದು ತಿಳಿದಿರಲೇ ಇಲ್ಲ. ಕೆಲವು ತಿಂಗಳು ಬೇರೆ ಊರಿನಲ್ಲಿದ್ದು ಬಂದ ನನಗೆ ಮೊದಲ ಹಾಡಿಗೇ ತಿಳಿಯಿತು. ಹೇಳಿದೆ. ನಂಬಿಸಲು ಸಾಕುಸಾಕಾಯಿತು.

ಅಂಥ ವಾಲ್ವು ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಮೊಳಕಾಲ್ಮುರಿನಲ್ಲಿ ಮುಚ್ಚಿಹೋದ ಟಾಕೀಸಿನ ಸಾಮಾನಿನಲ್ಲಿ ಬಳಸದ ಜೋಡಿಯೊಂದಿದೆ ಎಂದು ಕೇಳಿ ಇಬ್ಬರೂ ಹೋಗಿ ತಂದೆವು. ಬಸ್ಸಿನ ಕುಲುಕಾಟಕ್ಕೆ ಒಡೆದಾವೆಂದು ಸಾಹೇಬರು ಅವನ್ನು ಟವೆಲಿನಲ್ಲಿ ಸುತ್ತಿ, ತಳಕು ದಾಟಿ ಊರು ಸೇರುವ ತನಕ ತೊಡೆಯ ಮೇಲಿಂದ ಇಳಿಸಲಿಲ್ಲ.

"ಇವತ್ತೇ ಹಾಕ್ರಿ" ಅಂದೆ.

"ಇರೋದೇ ಇದೊಂದು ಜೋಡಿ. ಆಪಾ ಬರ್ಲಿ, ಜೊತೆಗೆ ಕೂತು ಕೇಳ್ತೀನಿ."

ಆಪಾ ಅಂದರೆ ಬಳ್ಳಾರಿಯಲ್ಲಿದ್ದ ಅವರ ಅಕ್ಕ. ಬರುತ್ತೇನೆ ಅನ್ನುವರು, ಮಂಡಿನೋವೆಂದು ನಿಂತುಬಿಡುವರು. ಹಬ್ಬಗಳು ಬಂದು ಹೋದವು. ವಾಲ್ವು ಬೀರುವಿನಲ್ಲೇ ಉಳಿದವು. ನಾನು ಹೇಳುವುದು, ಅವರು "ನೋಡಾಣ" ಅನ್ನುವುದು... ಎಷ್ಟೋ ಸಂಜೆ ಹಾಡಿನ ಮಧ್ಯದಲ್ಲೇ ಎದ್ದು ಬಂದಿದ್ದೇನೆ.

ಕೊನೆಗೊಂದು ರಂಜಾನಿಗೆ ಆಪಾ ಬಂದರು. ಸಾಹೇಬರು ಟವೆಲು ಬಿಚ್ಚಿದರು. ಗಾಜಿನ ತಲೆಯೊಳಗೆ ಬೆಳ್ಳಿಯ ಹಾಗೆ ಹೊಳೆಯಬೇಕಾದ ಜಾಗ, ಒಂದು ವಾಲ್ವಿನಲ್ಲಿ ಸುಣ್ಣದಂತೆ ಬೆಳ್ಳಗಾಗಿತ್ತು. ಎಲ್ಲೋ ಕಣ್ಣಿಗೆ ಕಾಣದ ಬಿರುಕು. ಒಳಗೆ ಗಾಳಿ ಹೊಕ್ಕು, ಒಂದು ದಿನವೂ ಉರಿಯದೆ ಅದು ಸತ್ತಿತ್ತು. ಚೆನ್ನಾಗಿದ್ದ ಇನ್ನೊಂದನ್ನು ಹಳೆಯದರ ಜೊತೆ ಹಾಕಿ ನೋಡಿದರು. ಜೋಡಿ ಸರಿಸಮ ಇಲ್ಲದೆ ಗುಂಯ್ ಅನ್ನುವುದೇ ಹೆಚ್ಚಾಯಿತು. ಮತ್ತೆ ಹಳೆಯವನ್ನೇ ಸಿಕ್ಕಿಸಿದರು.

ಆಪಾ ಒಂದು ಹಾಡನ್ನು ಪೂರ್ತಿ ಕೇಳಿ ನನ್ನ ಕಡೆ ತಿರುಗಿದರು. "ನಮ್ಮಪ್ಪ ಇದ್ದಾಗ ಹಿಂಗಿರ್ಲಿಲ್ಲ ಕಣಪ್ಪ."

"ಹಿಂಗೇ ಇತ್ತು" ಅಂದರು ಸಾಹೇಬರು, ಯಾರ ಮುಖವನ್ನೂ ನೋಡದೆ.

ನನಗೆ ತಡೆಯಲಾಗಲಿಲ್ಲ. ಅಂಗಳಕ್ಕೆ ಬಂದಾಗ ಕೇಳಿಯೇಬಿಟ್ಟೆ. "ತಂದ ದಿನಾನೇ ಹಾಕಿದ್ರೆ ಇದು ಗೊತ್ತಾಗ್ತಿರ್ಲಿಲ್ವಾ? ಚೆನ್ನಾಗಿದ್ದಿದ್ರೆ ಇಷ್ಟು ದಿನ ಕೇಳ್ತಿರ್ಲಿಲ್ವಾ?"

"ಹಾಕಿದ್ರೆ ಇಷ್ಟೊತ್ತಿಗೆ ಅವೂ ಹಳೇವಾಗ್ತಿದ್ವಲ್ರೀ" ಅಂದರು.

ಆ ಮಾತು ಈಗಲೂ ಮೈ ಉರಿಸುತ್ತದೆ. ಹಳೆಯವಾಗಲಿ. ಕೇಳಿ ಹಳೆಯವಾಗುತ್ತಿದ್ದವು.

ಆಪಾ ಮತ್ತೆ ಬರಲಿಲ್ಲ. ಅವರು ತೀರಿಕೊಂಡ ಮರುವರ್ಷ ಸಾಹೇಬರೂ ಹೋದರು. ಕೊನೆಯ ತನಕ ಆ ಮಂಕು ದನಿಯನ್ನೇ ಕೇಳುತ್ತಿದ್ದರು. ಆಂಪ್ಲಿಫೈಯರ್ ಯಾರ ಪಾಲಾಯಿತೋ... ನಾನು ವಿಚಾರಿಸಲಿಲ್ಲ.

ಈಗ ಆ ಮನೆಗೆ ಬೇರೆಯವರು ಬಂದಿದ್ದಾರೆ. ಸಂಜೆ ಅವರ ಟಿವಿಯ ಹಾಡು ನಮ್ಮ ಪಡಸಾಲೆಯ ತನಕ ಕೇಳುತ್ತದೆ, ಒಂದೊಂದು ಅಕ್ಷರವೂ ಸ್ಪಷ್ಟವಾಗಿ. ನಾನು ಎದ್ದು ಕಿಟಕಿ ಮುಚ್ಚುತ್ತೇನೆ.