ಮೇಜಿನ ಮೇಲಿಟ್ಟ ಎಡಗೈ

ನನ್ನ ಗಂಟಲು ಮೊದಲಿನಿಂದಲೂ ದೊಡ್ಡದು. ತಂತಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕೂತವನ ಗಂಟಲು ಸಣ್ಣದಾಗಿ ಉಳಿಯುವುದಾದರೂ ಹೇಗೆ? ಒಂದೇ ಹಾಲ್‌ನಲ್ಲಿ ಸಾಲುಸಾಲು ಸೌಂಡರ್‌ಗಳು ಕಟಕಟ ಬಡಿಯುತ್ತಿರುವಾಗ ಪಕ್ಕದವನನ್ನು ಕಾಫಿಗೆ ಕರೆಯಬೇಕಾದರೂ ಕೂಗಬೇಕಿತ್ತು. ಅದೇ ಅಭ್ಯಾಸ ಮನೆಗೂ ಬಂತು. ವಿಜಯನಗರದ ನಮ್ಮ ಮನೆಯಲ್ಲಿ ನಾನು ಸಾರಿಗೆ ಉಪ್ಪು ಸಾಲದು ಅಂದರೆ ಎದುರು ಮನೆಯವರು ಉಪ್ಪು ತಂದುಕೊಡುತ್ತಾರೆ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಿದ್ದಳು.

ಸೌಂಡರ್ ಅಂದರೆ ಹಿತ್ತಾಳೆಯ ಒಂದು ಪುಟ್ಟ ಯಂತ್ರ. ದೂರದ ಊರಿನಲ್ಲಿ ಒಬ್ಬ ಕೀ ಒತ್ತಿದರೆ ಇಲ್ಲಿ ಅದರ ಕಡ್ಡಿ ಟಕ್ಕೆಂದು ಬಡಿಯುತ್ತದೆ. ಎರಡು ಬಡಿತಗಳ ನಡುವಿನ ಬಿಡುವು ಗಿಡ್ಡವಾದರೆ ಚುಕ್ಕೆ, ಉದ್ದವಾದರೆ ಗೆರೆ. ಅದೇ ಮೋರ್ಸ್. ಊರಿನ ಸಾವು, ಮದುವೆ, ಹೆರಿಗೆ, ವರ್ಗಾವಣೆ ಎಲ್ಲವನ್ನೂ ನಾವು ಹೀಗೆ ಕಿವಿಯಲ್ಲಿ ಕೇಳಿ, ಕೈಯಲ್ಲಿ ಬರೆದು ಮನೆಮನೆಗೆ ಮುಟ್ಟಿಸಿದವರು. ಎಂಬತ್ತರ ದಶಕದಲ್ಲಿ ಒಂದರ ಹಿಂದೆ ಒಂದು ಟೆಲಿಪ್ರಿಂಟರ್ ಬಂದವು. ಯಂತ್ರವೇ ಓದಿ ಯಂತ್ರವೇ ಅಚ್ಚು ಹಾಕುತ್ತಿತ್ತು. ನಮ್ಮ ಮೇಜುಗಳು ಖಾಲಿಯಾಗುತ್ತಾ ಹೋದವು. ನನ್ನನ್ನು ಕೌಂಟರಿಗೆ ಹಾಕಿದರು. ನನಗೆ ಹೊಟ್ಟೆ ಉರಿದುಹೋಯಿತು. ಹಳೆಯ ಸಾಮಾನು ವಿಲೇವಾರಿ ಮಾಡುವಾಗ ಒಂದು ಸೌಂಡರ್, ಒಂದು ಕೀ ಕೇಳಿ ತಂದು ಮನೆಯ ಹಾಲ್‌ನಲ್ಲಿದ್ದ ಮರದ ಮೇಜಿಗೆ ಸ್ಕ್ರೂ ಹಾಕಿ ಬಿಗಿದೆ. ಸೌಂಡರಿನ ಬೆನ್ನಿಗೆ ಖಾಲಿ ಸಿಗರೇಟು ಡಬ್ಬಿಯೊಂದನ್ನು ಒತ್ತಿ ನಿಲ್ಲಿಸಿದೆ. ಸದ್ದು ದೊಡ್ಡದಾಗಲಿ ಎಂದು ನಮ್ಮ ಕಚೇರಿಯ ಹಳಬರೆಲ್ಲ ಹೀಗೇ ಮಾಡುತ್ತಿದ್ದರು.

ಕಚೇರಿಯ ಹೊರಗೂ ನನಗೆ ಇದೇ ಗೀಳು. ಹವ್ಯಾಸಿ ರೇಡಿಯೊ ಲೈಸೆನ್ಸ್ ಇತ್ತು. ಮನೆಯಲ್ಲೇ ಸೆಟ್ ಇಟ್ಟುಕೊಂಡು, ತಾರಸಿಯ ಮೇಲೆ ತಂತಿ ಎಳೆದು, ಎಲ್ಲೆಲ್ಲಿಯದೋ ಅಪರಿಚಿತರ ಜೊತೆ ಮಾತಾಡುವ ಹುಚ್ಚು ಅದು. ಹ್ಯಾಮ್ ಅನ್ನುತ್ತಾರೆ. ಆ ಲೈಸೆನ್ಸ್ ಬೇಕಾದರೆ ಸರ್ಕಾರದ ಪರೀಕ್ಷೆ ಪಾಸಾಗಬೇಕು. ನಿಮಿಷಕ್ಕೆ ಐದು ಪದದ ವೇಗದಲ್ಲಿ ಬರುವ ಮೋರ್ಸನ್ನು ಕೇಳಿ ಬರೆಯಬೇಕು. ಐದು ಪದ ಅಂದರೆ ನಮ್ಮಂಥವರು ಆಕಳಿಸುತ್ತಾ ಬರೆಯುವಷ್ಟು ನಿಧಾನ.

ತಾರಸಿಯ ಆ ತಂತಿ ನೋಡಿ ಒಬ್ಬ ಹುಡುಗ ನಮ್ಮ ಗೇಟಿಗೆ ಬಂದ. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸು. ರಾಜಾಜಿನಗರದ ಕಾರ್ಖಾನೆಯೊಂದರ ಪ್ರೆಸ್ ಶಾಪಿನಲ್ಲಿ ತಗಡು ಒತ್ತುವ ಕೆಲಸ, ಹೆಗ್ಗನಹಳ್ಳಿಯಲ್ಲಿ ತಾಯಿಯ ಜೊತೆ ವಠಾರದ ಮನೆ.

“ಟ್ರಾನ್ಸ್‌ಮಿಟರ್ ನಾನೇ ಕಟ್ಟಿದೀನಿ ಸಾರ್. ಲೈಸೆನ್ಸ್ ಇಲ್ದೆ ಆನ್ ಮಾಡಂಗಿಲ್ಲ. ಮೋರ್ಸ್ ಕಲಿಸ್ಕೊಡ್ತೀರಾ?” ಅಂದ.

“ನಿನಗ್ಯಾಕಪ್ಪ ಈ ಹುಚ್ಚು?” ಎಂದು ಕೇಳಿದೆ.

“ಫ್ಯಾಕ್ಟ್ರೀಲಿ ಯಾರ ಜೊತೇನೂ ಮಾತಾಡೋಕಾಗಲ್ಲ ಸಾರ್. ಇದ್ರಲ್ಲಾದ್ರೂ ನಾಲ್ಕು ಜನದ ಜೊತೆ ಮಾತಾಡ್ಬೋದು ಅಂತ.”

ಪ್ರೆಸ್‌ಗಳ ಗದ್ದಲದಲ್ಲಿ ಯಾರು ತಾನೇ ಮಾತಾಡುತ್ತಾರೆ ಎಂದುಕೊಂಡು ಒಪ್ಪಿದೆ. ಅಂದಿನಿಂದ ಭಾನುವಾರ ಬೆಳಿಗ್ಗೆ, ವಾರದಲ್ಲಿ ಎರಡು ಸಂಜೆ ಅವನು ಮಾಗಡಿ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಬರತೊಡಗಿದ.

ಬೇರೆಯವರೆಲ್ಲ ಮೋರ್ಸ್ ಕಲಿಸುವುದು ಪೀಂ ಪೀಂ ಎನ್ನುವ ಒಂದು ಪುಟ್ಟ ಪೆಟ್ಟಿಗೆ ಇಟ್ಟುಕೊಂಡು. ರೇಡಿಯೊದಲ್ಲಿ ಮೋರ್ಸ್ ಬರುವುದೂ ಆ ಸಿಳ್ಳಿನಲ್ಲೇ, ಪರೀಕ್ಷೆಯಲ್ಲಿ ಕೊಡುವುದೂ ಅದನ್ನೇ. ನಾನು ಸೌಂಡರಿನಲ್ಲೇ ಕಲಿಸುತ್ತೇನೆ ಎಂದು ಹಟ ಹಿಡಿದೆ. ಕಚೇರಿಯಲ್ಲಿ ಸೌಂಡರಿಗೆ ಆದ ಅವಮಾನವನ್ನು ನನ್ನ ಮನೆಯ ಹಾಲ್‌ನಲ್ಲಿ ತೀರಿಸಿಕೊಳ್ಳುವ ಚಪಲ. ಆರ್‌ಪಿಸಿ ಲೇಔಟಿನಲ್ಲಿ ನನಗಿಂತ ಚಿಕ್ಕವಯಸ್ಸಿನ ಒಬ್ಬ ಇಂಜಿನಿಯರ್ ಇದ್ದ, ಅವನೂ ಹ್ಯಾಮ್. “ಪರೀಕ್ಷೇಲಿ ಟೋನ್ ಕೊಡ್ತಾರೆ ಸಾರ್, ಟೋನಲ್ಲೇ ಅಭ್ಯಾಸ ಮಾಡ್ಸಿ,” ಎಂದು ಎರಡು ಸಲ ಹೇಳಿದ. “ಈಜು ಬಂದೋನಿಗೆ ಕೆರೆ ಆದ್ರೇನು ಬಾವಿ ಆದ್ರೇನು, ಸುಮ್ನಿರಯ್ಯ,” ಎಂದು ಅವನ ಬಾಯಿ ಮುಚ್ಚಿಸಿದೆ.

ಶಿಷ್ಯ ಮಾತ್ರ ಗಟ್ಟಿಗ. ಮೂರು ತಿಂಗಳಲ್ಲಿ ನಿಮಿಷಕ್ಕೆ ಹದಿನೈದು ಪದ ಸಲೀಸಾಗಿ ಬರೆಯುತ್ತಿದ್ದ. ಬಲಗೈಯಲ್ಲಿ ಪೆನ್ಸಿಲ್, ಎಡಗೈ ಬೋರಲಾಗಿ ಸಿಗರೇಟು ಡಬ್ಬಿಯ ಪಕ್ಕ ಮೇಜಿನ ಮೇಲೆ ಚಪ್ಪಟೆಯಾಗಿ ಇರುತ್ತಿತ್ತು. ದಿನವಿಡೀ ತಗಡು ಎತ್ತಿದ ಕೈ, ಆರಾಮಾಗಿ ಇಟ್ಟುಕೊಂಡಿದ್ದಾನೆ ಎಂದುಕೊಂಡೆ. ಆದರೆ ಮಾತಿನಲ್ಲಿ ದಡ್ಡ. ಅಡುಗೆಮನೆಯಿಂದ ನಾನು ಏನಾದರೂ ಕೇಳಿದರೆ ಉತ್ತರವೇ ಇಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಅವನ ಮುಂದೆಯೇ ಬೈದದ್ದುಂಟು. ಒಂದು ದಿನ ಅವನು ಹೋದ ಮೇಲೆ ನನ್ನ ಹೆಂಡತಿ, “ಅವ್ನು ನೀವು ಮಾತಾಡುವಾಗ ನಿಮ್ಮ ಬಾಯೇ ನೋಡ್ತಿರ್ತಾನೆ ಕಣ್ರೀ,” ಅಂದಳು. “ಗುರು ಬಾಯಿ ನೋಡ್ದೆ ಇನ್ನೇನು ಗೋಡೆ ನೋಡ್ತಾನಾ?” ಅಂದೆ. ಅವಳು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಪರೀಕ್ಷೆಗೆ ಹದಿನೈದು ದಿನ ಇರುವಾಗ ಇಂಜಿನಿಯರ್ ನಮ್ಮಿಬ್ಬರನ್ನೂ ಮನೆಗೆ ಕರೆದ. ಹೊಸದಾಗಿ ಕಂಪ್ಯೂಟರ್ ತಂದಿದ್ದ. ಅದಕ್ಕೆ ಒಂದು ಕಡೆ ರೇಡಿಯೊ, ಇನ್ನೊಂದು ಕಡೆ ಟೀವಿ ಜೋಡಿಸಿದ್ದ. ರೇಡಿಯೊದಿಂದ ಕುಲುಕುಲು ಎನ್ನುವ ಏನೋ ಸದ್ದು ಬಂದ ಹಾಗೆಲ್ಲ ಟೀವಿಯ ಮೇಲೆ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಮೂಡುತ್ತಿದ್ದವು. ಯಾವನೋ ಪರದೇಶದವನು ತನ್ನ ಊರಿನ ಹವಾಮಾನ ಹೇಳುತ್ತಿದ್ದ.

“ನಾವು ಇಲ್ಲಿ ಟೈಪ್ ಮಾಡಿದ್ರೆ ಅವ್ರ ಸ್ಕ್ರೀನಲ್ಲಿ ಬರುತ್ತೆ. ಕಿವಿಗೆ ಕೆಲಸಾನೇ ಇಲ್ಲ,” ಅಂದ ಇಂಜಿನಿಯರ್.

ನನ್ನ ಶಿಷ್ಯ ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಕೂತ. ಅಷ್ಟು ಸಂತೋಷವನ್ನು ಅವನ ಮುಖದಲ್ಲಿ ನಾನು ಕಂಡೇ ಇರಲಿಲ್ಲ. ನನ್ನ ಕಡೆ ತಿರುಗಿ, “ಸಾರ್, ಪರೀಕ್ಷೇಲಿ ಇದನ್ನ ಬಿಡ್ತಾರಾ?” ಎಂದು ಕೇಳಿದ.

ನನಗೆ ಪಿತ್ತ ನೆತ್ತಿಗೇರಿತು. ಕಚೇರಿಯಲ್ಲಿ ನನ್ನ ಕುರ್ಚಿ ಕಿತ್ತುಕೊಂಡ ಯಂತ್ರದ ತಮ್ಮ ಇದು. “ನಾಳೆ ಊಟ ಮಾಡೋಕೂ ಒಂದು ಮಷೀನ್ ತಗೊಂಡ್ಬಾ. ಕಿವಿ ಇರೋದ್ಯಾಕೋ, ಪೆನ್ಸಿಲ್ ಸಿಗಿಸ್ಕೊಳ್ಳೋಕಾ?” ಅಂದೆ. ಇಂಜಿನಿಯರ್ ನಕ್ಕ. ಅವನು ನಗುವುದನ್ನು ನೋಡಿ ಶಿಷ್ಯನೂ ನಕ್ಕ.

ಪರೀಕ್ಷೆಯ ದಿನ ರಜೆ ಹಾಕಿ ನಾನೇ ಅವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಹತ್ತು ಹನ್ನೆರಡು ಜನ ಬಂದಿದ್ದರು. ಇವನಿಗೆ ಹಿಂದಿನ ಬೆಂಚು ಸಿಕ್ಕಿತು. ಅಧಿಕಾರಿ ಮುಂದಿನ ಮೇಜಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಗುಂಡಿ ಒತ್ತಿದರು. ನಾನು ಹೊರಗೆ ಕಿಟಕಿಯ ಪಕ್ಕ ನಿಂತಿದ್ದೆ. ಸಿಳ್ಳು ಸ್ವಚ್ಛವಾಗಿ ಕೇಳುತ್ತಿತ್ತು, ಒಂದೊಂದು ಅಕ್ಷರವನ್ನೂ ನಿಂತಲ್ಲೇ ಓದುತ್ತಿದ್ದೆ.

ಅವನು ಬರೆಯುತ್ತಿರಲಿಲ್ಲ. ಎಡಗೈಯನ್ನು ಬೆಂಚಿನ ಮೇಲೆ ಇಟ್ಟ. ತೆಗೆದು ಇನ್ನೊಂದು ಕಡೆ ಇಟ್ಟ. ಬೆಂಚಿನ ಅಂಚು ಹಿಡಿದ. ಆಮೇಲೆ ಮುಂದೆ ಕೂತವರ ಕೈಗಳು ಓಡುವುದನ್ನು ನೋಡಿದ. ಟೇಪು ಶುರುವಾಗಿದೆ ಎಂದು ಅವನಿಗೆ ಗೊತ್ತಾದದ್ದೇ ಆಗ ಎಂದು ಈಗ ಅನ್ನಿಸುತ್ತದೆ. ಬರಿಯೋ ಬರಿಯೋ ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. ಕಿಟಕಿಯ ಸರಳು ಹಿಡಿದ ನನ್ನ ಬೆರಳು ತಾನಾಗಿ ಆ ಅಕ್ಷರಗಳನ್ನು ಬಡಿಯುತ್ತಿತ್ತು. ಅದು ಅವನಿಗೆ ಮುಟ್ಟುವ ಹಾಗಿರಲಿಲ್ಲ. ಟೇಪು ನಿಂತಿತು, ಅವನು ಖಾಲಿ ಹಾಳೆ ಕೊಟ್ಟು ಹೊರಗೆ ಬಂದ.

ಬಸ್ ಸ್ಟಾಪಿನಲ್ಲಿ ಹಿಗ್ಗಾಮುಗ್ಗಾ ಬೈದೆ. ಹದಿನೈದು ಪದ ಬರೆಯುವವನು ಐದು ಪದಕ್ಕೆ ಹೆದರಿ ಕೂತೆಯಲ್ಲ, ನನ್ನ ಮಾನ ಕಳೆದೆಯಲ್ಲ ಅಂದೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವನು ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಮೂರು ವಾರ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ನಾಲ್ಕನೇ ಭಾನುವಾರ ನಾನೇ ಹೆಗ್ಗನಹಳ್ಳಿಗೆ ಹೋದೆ. ಕರೆದುಕೊಂಡು ಬರುವುದಕ್ಕೋ, ಇನ್ನೊಂದು ಸುತ್ತು ಬೈಯುವುದಕ್ಕೋ, ನನಗೇ ಸರಿಯಾಗಿ ಗೊತ್ತಿರಲಿಲ್ಲ. ವಠಾರದ ಅಂಗಳದಲ್ಲಿ ಅವನು ನನಗೆ ಬೆನ್ನು ಹಾಕಿ ಕೂತು ಯಾವುದೋ ತಗಡನ್ನು ಅರದಿಂದ ಉಜ್ಜುತ್ತಿದ್ದ. ಎರಡು ಸಲ ಕರೆದೆ. ತಿರುಗಲಿಲ್ಲ. ನಲ್ಲಿಯ ಹತ್ತಿರ ಪಾತ್ರೆ ಬೆಳಗುತ್ತಿದ್ದ ಅವನ ತಾಯಿ ಎದ್ದು ಬಂದರು.

“ಅಲ್ಲಿಂದ ಕರೆದ್ರೆ ಅವನಿಗೆ ಕೇಳ್ಸಲ್ಲ ಸ್ವಾಮಿ, ಹೋಗಿ ಮುಟ್ಟಿ. ಪ್ರೆಸ್ಸಿನ ಸದ್ದಿಗೆ ಕಿವಿ ಹೋಗಿ ನಾಲ್ಕು ವರ್ಷ ಆಯ್ತು. ಫ್ಯಾಕ್ಟ್ರೀಲಿ ಹೇಳ್ಬೇಡಿ, ಕಿವುಡ ಅಂತ ಕೆಲಸದಿಂದ ತೆಗೆದಾರು,” ಅಂದರು.

ಆ ಅಂಗಳದಲ್ಲಿ ನಿಂತೇ ನನಗೆ ಎಲ್ಲ ಅರ್ಥವಾಯಿತು. ಅವನು ಮೋರ್ಸನ್ನು ಕೇಳಿರಲೇ ಇಲ್ಲ. ನನ್ನ ಮೇಜಿನ ಮರದಲ್ಲಿ, ಆ ಡಬ್ಬಿಯ ನಡುಕದಲ್ಲಿ ಅಂಗೈಯಿಂದ ಓದಿದ್ದ. ಬೇರೆಯವರ ಹಾಗೆ ಸಿಳ್ಳಿನಲ್ಲಿ ಕಲಿಸಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ನನ್ನ ಹಟ ಅವನಿಗೆ ಮೂರು ತಿಂಗಳು ಸುಳ್ಳು ಆಸೆ ಹುಟ್ಟಿಸಿತ್ತು.

ಹೋಗಿ ಭುಜ ಮುಟ್ಟಿದೆ. “ಮೊದ್ಲೇ ಯಾಕೋ ಹೇಳ್ಲಿಲ್ಲ?” ಎಂದು ಅವನ ಮುಖಕ್ಕೆ ಮುಖ ಕೊಟ್ಟು ಕೇಳಿದೆ.

“ಹೇಳಿದ್ರೆ ಕಲಿಸ್ತಿದ್ರಾ ಸಾರ್?”

ನಿಜ ಹೇಳುತ್ತೇನೆ, ಕಲಿಸುತ್ತಿರಲಿಲ್ಲ.

“ಪರೀಕ್ಷೇಲೂ ನಿಮ್ಮನೇ ತರ ಟಕಟಕ ಇಡ್ತಾರೆ ಅನ್ಕೊಂಡೆ,” ಅಂದ. ಅರ ಕೆಳಗಿಟ್ಟು, “ಬೇರೆಯೋರು ಮಾತಾಡೋದು ಅರ್ಧ ತಿಳಿಯಲ್ಲ ಸಾರ್. ನೀವು ಎದುರಿಗೆ ನಿಂತು ಬೈಯೋದು ಪೂರ್ತಿ ಕೇಳ್ಸುತ್ತೆ. ಅದಕ್ಕೇ ನಿಮ್ಮನೇಗೆ ಬರೋಕೆ ಇಷ್ಟ,” ಅಂದ. ನನ್ನ ಕೆನ್ನೆಗೆ ಯಾರೋ ಬಾರಿಸಿದ ಹಾಗಾಯಿತು.

ಸಂಜೆಯೇ ಇಂಜಿನಿಯರ್ ಮನೆಗೆ ಓಡಿದೆ. ಮೂದಲಿಸಿದ್ದ ಬಾಯಲ್ಲೇ, ನಿನ್ನ ಟೀವಿಯಲ್ಲಿ ಅವನು ಮಾತಾಡಬಹುದಲ್ಲಯ್ಯ ಎಂದು ಕೇಳಿದೆ. “ಬರೋದನ್ನ ಓದ್ಬೋದು ಸಾರ್. ತಿರುಗಿ ಒಂದಕ್ಷರ ಕಳಿಸ್ಬೇಕಾದ್ರೂ ಲೈಸೆನ್ಸ್ ಬೇಕು. ಲೈಸೆನ್ಸಿಗೆ ಮೋರ್ಸ್ ಬೇಕು,” ಅಂದ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅನ್ನುತ್ತಾರಲ್ಲ, ಹಾಗೆ. ಕಿವಿಯೇ ಬೇಡದ ಯಂತ್ರ ಅಲ್ಲೇ ಮೇಜಿನ ಮೇಲೆ ಇತ್ತು. ಅದನ್ನು ಮುಟ್ಟಬೇಕಾದರೆ ಮೊದಲು ಕಿವಿ ತೋರಿಸಬೇಕಿತ್ತು.

ಮರುದಿನ ಸೌಂಡರನ್ನು ಮೇಜಿನಿಂದ ಬಿಚ್ಚಿ, ಡಬ್ಬಿಯ ಸಮೇತ ಚೀಲಕ್ಕೆ ಹಾಕಿಕೊಂಡು ಪರೀಕ್ಷೆಯ ಅಧಿಕಾರಿಯ ಮುಂದೆ ಹೋಗಿ ನಿಂತೆ. ಅವರು ಒಳ್ಳೆಯವರೇ. ಕೂರಿಸಿ, ಟೀ ತರಿಸಿ, ಪೂರ್ತಿ ಕೇಳಿಸಿಕೊಂಡರು.

“ರೂಲ್ಸಲ್ಲಿ ಕೇಳಿ ಬರೀಬೇಕು ಅಂತಿದೆ. ಮುಟ್ಟಿ ಬರೀಬೋದು ಅಂತ ಇಲ್ವಲ್ಲ,” ಅಂದರು.

“ಬರೀಬಾರ್ದು ಅಂತಾನೂ ಇಲ್ವಲ್ಲ ಸಾರ್.”

“ನಾನೇನ್ಮಾಡ್ಲಿ ಹೇಳಿ. ನನ್ನ ಕೈಲಿಲ್ಲ.” ಅವರು ಸುಳ್ಳು ಹೇಳುತ್ತಿರಲಿಲ್ಲ. ಮೇಲಿನವರಿಗೆ ಅರ್ಜಿ ಬರೆದೆ. ಅದೇ ಉತ್ತರ ಟೈಪಾಗಿ ಬಂತು. ಅಷ್ಟು ದೊಡ್ಡ ಗಂಟಲು ಇಟ್ಟುಕೊಂಡು ನಾನು ಮಾಡಿದ್ದು ಇಷ್ಟೇ.

ಆ ಕಾಗದ ಬಂದ ವಾರದ ಭಾನುವಾರ ಅವನನ್ನು ಬರಹೇಳಿದೆ. ವಿಷಯ ತಿಳಿಸಬೇಕಿತ್ತು. ಬಾಯಿಬಿಟ್ಟು ಹೇಳೋಣ ಎಂದರೆ ಅವನಿಗೆ ಮುಟ್ಟುವಂತೆ ಕೂಗಬೇಕು, ಕೂಗಿದರೆ ಬೀದಿಗೆಲ್ಲ ಕೇಳುತ್ತದೆ. ಅಂಥ ಮಾತನ್ನು ಕೂಗಿ ಹೇಳುವುದು ನನ್ನಿಂದಾಗಲಿಲ್ಲ. ಸೌಂಡರನ್ನು ಮತ್ತೆ ಮೇಜಿಗೆ ಬಿಗಿದು, ಅವನ ಮುಂದೆ ಹಾಳೆ ಇಟ್ಟೆ. ಅವನು ಡಬ್ಬಿಯ ಪಕ್ಕ ಎಡಗೈ ಇಟ್ಟುಕೊಂಡ. ಇನ್ನೊಂದು ಪಾಠ ಎಂದುಕೊಂಡಿದ್ದ ಅಂತ ಕಾಣುತ್ತದೆ, ಪೆನ್ಸಿಲ್ ಚೂಪು ಮಾಡಿಕೊಂಡು ಬಂದಿದ್ದ.

ಅವರು ಒಪ್ಪಲಿಲ್ಲ, ನಿನಗೆ ಲೈಸೆನ್ಸ್ ಸಿಗುವುದಿಲ್ಲ, ಆಸೆ ಹುಟ್ಟಿಸಿದವನು ನಾನು, ನನ್ನನ್ನು ಕ್ಷಮಿಸು ಎಂದು ಇಂಗ್ಲಿಷಿನಲ್ಲಿ ಬಡಿದೆ. ಅವನ ಪೆನ್ಸಿಲ್ ಒಂದು ಕಡೆಯೂ ನಿಲ್ಲಲಿಲ್ಲ. ಬರೆದು ಮುಗಿಸಿ, ಪೂರ್ತಿ ಒಮ್ಮೆ ಓದಿಕೊಂಡು, ಹಾಳೆಯನ್ನು ನನ್ನ ಕಡೆಗೆ ತಿರುಗಿಸಿ ತಳ್ಳಿದ.

“ಎಷ್ಟು ಸ್ಪೀಡಲ್ಲಿ ಕಳ್ಸಿದ್ರಿ ಸಾರ್?”

ಹದಿನೈದು ಎಂದು ಬೆರಳಲ್ಲಿ ತೋರಿಸಿದೆ.

“ನೋಡಿ, ಒಂದಕ್ಷರಾನೂ ಬಿಟ್ಟಿಲ್ಲ,” ಅಂದ.