ಕಿಟಕಿಯಿಲ್ಲದ ಟಾಪು

ಮೊಮ್ಮಕ್ಕಳೇ, ನಾನು ಚಿಕ್ಕವನಿದ್ದಾಗ ನನಗೊಂದು ಕೆಲಸ ಒಪ್ಪಿಸಿದ್ದರು: ಅಕ್ಕ ಹೋದಲ್ಲೆಲ್ಲ ಹೋಗುವುದು. ಅವಳು ಟೈಲರ್ ಅಂಗಡಿಗೆ ಹೋದರೆ ಹಿಂದೆ ನಾನು, ಗೆಳತಿಯ ಮನೆಯಿಂದ ಪುಸ್ತಕ ಇಸಿದುಕೊಂಡು ಬರಲು ಹೋದರೂ ಹಿಂದೆ ನಾನು. ಅಕ್ಕನಿಗೆ ಹದಿನೆಂಟು ತುಂಬಿತ್ತು, ನಾನಿನ್ನೂ ಮೂರನೇ ಕ್ಲಾಸು. ಅವಳನ್ನು ಯಾರಿಂದ ಕಾಯಬೇಕೆಂದು ನನಗೆ ಗೊತ್ತಿರಲಿಲ್ಲ. ಜೊತೆಗೊಬ್ಬ ಗಂಡುಹುಡುಗ ಇರಬೇಕು, ಅಷ್ಟೇ. ನನಗೆ ಗೋಲಿ ಆಡುವುದು ತಪ್ಪುತ್ತಿತ್ತು, ಅವಳಿಗೆ ಗೆಳತಿಯ ಜೊತೆ ಮನಸ್ಸು ಬಿಚ್ಚಿ ಮಾತಾಡುವುದು ತಪ್ಪುತ್ತಿತ್ತು.

ನಾವಿದ್ದದ್ದು ಭದ್ರಾವತಿಯ ಹಳೇನಗರದಲ್ಲಿ. ನಾನು ಕೂಸಾಗಿದ್ದಾಗಲೇ ಅಮ್ಮ ತೀರಿಕೊಂಡಿದ್ದರಿಂದ ಅಪ್ಪನ ತಾಯಿಯೇ ನಮ್ಮಿಬ್ಬರನ್ನೂ ಸಾಕಿದ್ದಳು. ಮನೆಯಲ್ಲಿ ಅಜ್ಜಿಯ ಮಾತಿಗೆ ಎದುರು ಮಾತಿರಲಿಲ್ಲ. ಅಪ್ಪ ಕಾಡಿನಲ್ಲಿ ಬಿದಿರು ಕಡಿಸಿ ಲಾರಿಗಳಲ್ಲಿ ಕಳಿಸುವ ಗುತ್ತಿಗೆ ಮಾಡುತ್ತಿದ್ದರು. ಆ ಓಡಾಟಕ್ಕೆಂದು ಒಂದು ಜೀಪು ಇಟ್ಟುಕೊಂಡಿದ್ದರು. ಅದರ ಬಟ್ಟೆಯ ಟಾಪು ಮರದ ಕೊಂಬೆಗಳಿಗೆ ಸಿಕ್ಕಿ ಸಿಕ್ಕಿ ಚಿಂದಿಯಾಗಿತ್ತು. ಹಿಂದಿನ ಸೀಟಿನಲ್ಲಿ ಕೂತರೆ ತಲೆಯ ಮೇಲೆ ಆಕಾಶ ಕಾಣುತ್ತಿತ್ತು. ಜೀಪು ವೇಗ ಹಿಡಿದಾಗ ಚಿಂದಿಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಅಕ್ಕ ಜಡೆಯನ್ನು ಎದೆಯ ಮುಂದೆ ಎಳೆದುಕೊಂಡು, ಕಣ್ಣು ಕಿರಿದು ಮಾಡಿ ಗಾಳಿಗೆ ಮುಖವೊಡ್ಡುತ್ತಿದ್ದಳು.

ಆ ವರ್ಷ ಅವಳಿಗೆ ಶಿವಮೊಗ್ಗದಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಬಸ್ಸಿನಲ್ಲಿ ಹೋಗುವುದು ಬೇಡವೆಂದು ಅಜ್ಜಿ ಮೊದಲೇ ಹೇಳಿದ್ದಳು. ಅಪ್ಪನಿಗೆ ಹೇಗೂ ಬೆಳಿಗ್ಗೆ ಶಿವಮೊಗ್ಗದಲ್ಲಿ ಕೆಲಸವಿರುತ್ತಿದ್ದುದರಿಂದ ಅವಳನ್ನು ಜೀಪಿನಲ್ಲೇ ಕರೆದೊಯ್ದು ಸಂಜೆ ಕರೆತರುತ್ತಿದ್ದರು. ಆರೇಳು ತಿಂಗಳು ಹೀಗೇ ನಡೆಯಿತು. ಆಮೇಲೆ ಯಾರೋ ನೆಂಟರು ಮನೆಗೆ ಬಂದವರು, ನಿಮ್ಮ ಮೊಮ್ಮಗಳು ದಿನಾ ತೆರೆದ ಗಾಡಿಯಲ್ಲಿ ಮೆರವಣಿಗೆ ಹೋದಂತೆ ಹೋಗುತ್ತಾಳಲ್ಲ, ಪೇಟೆಯವರೆಲ್ಲ ನೋಡುತ್ತಾರೆ ಎಂದು ನಗುತ್ತಲೇ ಹೇಳಿ, ಕಾಫಿ ಕುಡಿದು ಹೋದರು. ಅಜ್ಜಿ ನಗಲಿಲ್ಲ. ಅವತ್ತು ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದಳು:

"ಒಂದೋ ಜೀಪು ಮುಚ್ಚಿಸು. ಇಲ್ಲಾ ಓದು ಬಿಡಿಸು. ಎರಡರಲ್ಲಿ ಯಾವುದಾದ್ರೂ ಸರಿ ನಂಗೆ."

ಅಕ್ಕ ಅನ್ನ ಬಡಿಸುತ್ತಿದ್ದಳು. ಬಡಿಸುವುದನ್ನು ನಿಲ್ಲಿಸಲಿಲ್ಲ.

ಮುಂದಿನ ಭಾನುವಾರ ಅಪ್ಪ ಜೀಪು ತೆಗೆದರು. ಅಕ್ಕನೂ ಬರಬೇಕೆಂದು ಅಜ್ಜಿಯೇ ಹೇಳಿ ಕಳಿಸಿದಳು. ಯಾಕೆಂದು ಆಗ ತಿಳಿಯಲಿಲ್ಲ. ಅಕ್ಕ ಹೊರಟ ಮೇಲೆ ನಾನು ಹೊರಡಲೇಬೇಕಲ್ಲ.

ಶಿವಮೊಗ್ಗದ ಬಿ.ಎಚ್. ರಸ್ತೆಯ ಒಂದು ಕುಶನ್ ಅಂಗಡಿ ಅದು. ಸೀಟು ಹೊಲಿಯುವುದು, ಟಾಪು ಹಾಕುವುದು ಅವರ ಕಸುಬು. ಒಳಗೆ ತೆಂಗಿನ ನಾರು, ರಬ್ಬರ್ ಸೊಲ್ಯೂಷನ್, ಹೊಸ ರೆಕ್ಸಿನ್ ಎಲ್ಲ ಕಲೆತ ವಾಸನೆ ಮೂಗಿಗೆ ಚುರುಕ್ಕೆನ್ನುತ್ತಿತ್ತು. ಅಂಗಡಿಯ ಮೇಸ್ತ್ರಿ ಗೋಡೆಗೆ ಒರಗಿಸಿದ್ದ ಬಟ್ಟೆಯ ಸುರುಳಿಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದರು. ಮೊದಲನೆಯದು ಖಾಕಿ ಕ್ಯಾನ್ವಾಸು. ಮಳೆಗೆ ಭಾರವಾಗುತ್ತದೆ, ಆದರೆ ಒಳಗೆ ಗಾಳಿಯಾಡುತ್ತದೆ ಎಂದರು. ಆಮೇಲೆ ಬೂದು ಬಣ್ಣದ್ದೊಂದು. ಅದಕ್ಕೆ ಎರಡೂ ಪಕ್ಕ ಗಾಜಿನಂಥ ಪ್ಲಾಸ್ಟಿಕ್ಕಿನ ಕಿಟಕಿ, ಸೆಕೆಯಾದರೆ ಪಕ್ಕದ ಬಟ್ಟೆಯನ್ನು ಚಾಪೆಯಂತೆ ಸುತ್ತಿ ಮೇಲೆ ಕಟ್ಟಬಹುದು. ಕೊನೆಗೆ ಕಪ್ಪು ರೆಕ್ಸಿನ್. ದಪ್ಪ, ಹೊಳಪು. ನೀರೂ ಇಳಿಯದು, ಗಾಳಿಯೂ ನುಸುಳದು.

ಅಕ್ಕ ಬೂದು ಬಟ್ಟೆಯ ಪ್ಲಾಸ್ಟಿಕ್ ಕಿಟಕಿಯನ್ನು ಎರಡು ಕೈಯಲ್ಲಿ ಎತ್ತಿ ಮುಖಕ್ಕೆ ಹಿಡಿದು ಅದರ ಮೂಲಕ ನನ್ನನ್ನು ನೋಡಿದಳು. ನಾನು ನಾಲಿಗೆ ಚಾಚಿದೆ. ಅವಳು ನಕ್ಕಳು. ಅಷ್ಟರಲ್ಲಿ ಅಪ್ಪ ಕಪ್ಪು ರೆಕ್ಸಿನ್ನಿನ ಮೇಲೆ ಕೈಯಿಟ್ಟು, ಇದೇ ಇರಲಿ, ಕಿಟಕಿ ಬೇಡ ಎಂದರು. ಮುಂದಿನ ಸೀಟಿಗೂ ಹಿಂದಿನದಕ್ಕೂ ನಡುವೆ ಅದೇ ರೆಕ್ಸಿನ್ನಿನ ಒಂದು ಪರದೆ ಬೇಕು, ನನ್ನ ಪಕ್ಕ ಯಾರ್ಯಾರೋ ಕೂರುತ್ತಾರೆ, ಹಿಂದೆ ಕಾಣಬಾರದು ಎಂದೂ ಸೇರಿಸಿದರು. ಬೇಸಿಗೆಯಲ್ಲಿ ಕಷ್ಟವಾಗುತ್ತದೆ ಸಾಹೇಬರೇ ಎಂದು ಮೇಸ್ತ್ರಿ ಒಂದು ಸಲ ಹೇಳಿ ನೋಡಿದರು. ಅಪ್ಪ ಅಳತೆ ಹಿಡಿಯಿರಿ ಎಂದರು. ಅಕ್ಕ ಬೂದು ಬಟ್ಟೆಯನ್ನು ಮೊದಲಿದ್ದ ಹಾಗೇ ಮಡಿಸಿ ಕೆಳಗಿಟ್ಟಳು.

ಹಳೆಯ ಟಾಪು ಕಳಚುವುದು ಬೇಗ ಆಯಿತು. ಕಬ್ಬಿಣದ ಕಮಾನುಗಳು ಮಾತ್ರ ಉಳಿದಾಗ ಜೀಪು ಪಕ್ಕೆಲುಬು ಬಿಟ್ಟ ಎತ್ತಿನಂತೆ ಕಾಣುತ್ತಿತ್ತು. ಕಮಾನುಗಳ ತುಕ್ಕು ಉಜ್ಜಿ, ಅಳತೆ ಹಿಡಿದು, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿದರು. ಹೊಲಿಗೆ ಯಂತ್ರ ಗಡಗಡ ಸದ್ದು ಮಾಡುತ್ತ ಮಧ್ಯಾಹ್ನದವರೆಗೂ ನಡೆಯಿತು. ಅಂಚಿಗೆ ಹಗ್ಗ ತೂರಿಸುವ ಹಿತ್ತಾಳೆಯ ಕಣ್ಣುಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರು. ನಾವು ತಂದಿದ್ದ ರೊಟ್ಟಿ ಚಟ್ನಿಪುಡಿಯನ್ನು ಅಂಗಡಿಯ ಬೆಂಚಿನ ಮೇಲೆ ತಿಂದೆವು.

ಹೊದಿಸುವ ಹೊತ್ತಿಗೆ ಮೇಸ್ತ್ರಿ ನನ್ನನ್ನು ಜೀಪಿನೊಳಗೆ ಹತ್ತಿಸಿ, ಬಟ್ಟೆ ಸುಕ್ಕಾಗದಂತೆ ಒಳಗಿನಿಂದ ಎರಡು ಕೈಯಲ್ಲಿ ಎತ್ತಿ ಹಿಡಿಯಲು ಹೇಳಿದರು. ಮೊದಲು ಮೇಲಿನ ಬೆಳಕು ಹೋಯಿತು. ಆಮೇಲೆ ಎಡಪಕ್ಕ. ಆಮೇಲೆ ಬಲಪಕ್ಕ. ಹಗ್ಗ ಎಳೆದು ಬಿಗಿದಾಗಲೆಲ್ಲ ರೆಕ್ಸಿನ್ ಕಿರ್ರೆನ್ನುತ್ತ ಕಮಾನಿಗೆ ಅಂಟಿಕೊಳ್ಳುತ್ತಿತ್ತು. ನಡುವಿನ ಪರದೆಯ ಕೆಳ ಅಂಚನ್ನು ಪಟ್ಟಿಯಿಟ್ಟು ಮುಂದಿನ ಸೀಟಿನ ಬೆನ್ನಿಗೆ ಸ್ಕ್ರೂ ಹಾಕಿದರು. ಹಿಂದಿನ ಬಾಗಿಲಿನ ಬಟ್ಟೆಯೊಂದು ಉಳಿದಿತ್ತು. ಅದನ್ನು ಇಳಿಬಿಟ್ಟು, ಪಟ್ಟಿಗಳನ್ನು ಹೊರಗಿನಿಂದ ಬಕಲಿಗೆ ಸಿಕ್ಕಿಸಿದಾಗ ನನಗೆ ನನ್ನ ಕೈಯೇ ಕಾಣಲಿಲ್ಲ. ಹೊರಗಿನ ರಸ್ತೆಯ ಸದ್ದು ದೂರದ ಯಾವುದೋ ಊರಿನದೆಂಬಂತೆ ಕೇಳಿಸುತ್ತಿತ್ತು.

ಬಟ್ಟೆ ಸರಿಸಿ ನನ್ನ ಪಕ್ಕಕ್ಕೆ ಅಕ್ಕನನ್ನೂ ಹತ್ತಿಸಿದರು. ಮತ್ತೆ ಮುಚ್ಚಿದರು. ಅಪ್ಪ ಜೀಪನ್ನು ಒಂದು ಸುತ್ತು ಬಂದದ್ದು ಅವರ ಚಪ್ಪಲಿಯ ಸದ್ದಿನಿಂದ ತಿಳಿಯಿತು.

"ಒಳಗಿರೋರು ಕಾಣ್ತಾರಾ?" ಎಂದು ಅವರು ಮೇಸ್ತ್ರಿಯನ್ನು ಕೇಳಿದರು.

"ನೆರಳೂ ಕಾಣಲ್ಲ ಸಾಹೇಬ್ರೆ."

ಅಜ್ಜಿ ಅಕ್ಕನನ್ನು ಯಾಕೆ ಕಳಿಸಿದ್ದಳೆಂದು ನನಗೆ ಆಗ ಗೊತ್ತಾಯಿತು. ಅಕ್ಕನಿಗೂ ಗೊತ್ತಾಗಿರಬೇಕು. ಅವಳ ಮುಖ ಕಾಣುತ್ತಿರಲಿಲ್ಲ. ಬಳೆಗಳ ಸದ್ದೂ ಇರಲಿಲ್ಲ.

ಭದ್ರಾವತಿಗೆ ಹೊರಟೆವು. ಮಾರ್ಚಿನ ಬಿಸಿಲು. ಕಪ್ಪು ರೆಕ್ಸಿನ್ ಕಾದು, ಕೈ ತಾಗಿದರೆ ಚುರ್ರೆನ್ನುವಂತಾಗಿತ್ತು. ಹೊಸ ಅಂಟಿನ ವಾಸನೆಗೆ ನಾನು ಮೂಗು ಮುಚ್ಚಿಕೊಂಡೆ. ಅಕ್ಕ ಪರದೆಯ ಮೇಲೆ ಎರಡು ಸಲ ತಟ್ಟಿ ಅಪ್ಪನನ್ನು ಕೂಗಿದಳು. ಇಂಜಿನ್ನಿನ ಸದ್ದಿಗೆ ಅವರಿಗೆ ಕೇಳಿಸಲಿಲ್ಲ. ಜೀಪು ಎಲ್ಲಿದೆ, ಎಷ್ಟು ದೂರ ಬಂದಿದ್ದೇವೆ ಎಂದು ತಿಳಿಯುವ ದಾರಿಯಿರಲಿಲ್ಲ. ಎಡಕ್ಕೆ ವಾಲಿದರೆ ತಿರುವು, ಕುಲುಕಿದರೆ ಗುಂಡಿ. ಅದಕ್ಕೂ ಮುಂಚೆ ನಾನು ಆ ದಾರಿಯ ಪ್ರತಿ ಮರವನ್ನೂ ಗುರುತಿಸುತ್ತಿದ್ದೆ.

ನ್ಯೂಟೌನಿನ ಹತ್ತಿರ ಜೀಪು ನಿಂತಿತು. ಗರಗಸದ ಸದ್ದು, ಹಸಿಮರದ ಹುಡಿಯ ವಾಸನೆ ಬಂದದ್ದರಿಂದ ಅದು ಅಪ್ಪನ ಪರಿಚಯದವರ ಮರ ಕೊಯ್ಯುವ ಸಾಮಿಲ್ಲೆಂದು ತಿಳಿಯಿತು. ಒಂದು ಮಾತು ಹೇಳಿ ಬರುತ್ತೇನೆ, ಕೂತಿರಿ ಎಂದು ಹೊರಗಿನಿಂದ ಹೇಳಿ ಅಪ್ಪ ಇಳಿದು ಹೋದರು.

ಹೋದವರು ಬರಲಿಲ್ಲ. ಒಂದು ಮಾತು ಎಷ್ಟು ಉದ್ದವಾಯಿತೋ. ಜೀಪು ಓಡುತ್ತಿದ್ದಾಗ ಎಲ್ಲಿಂದಲೋ ಒಂದಿಷ್ಟು ಗಾಳಿ ನುಸುಳುತ್ತಿತ್ತು. ನಿಂತ ಮೇಲೆ ಅದೂ ಇಲ್ಲ. ಬೆವರು ಕಣ್ಣಿಗಿಳಿದು ಉರಿಯತೊಡಗಿತು. ಉಸಿರು ಎಳೆದುಕೊಂಡರೆ ಬಿಸಿ ಅಂಟೇ ಒಳಗೆ ಹೋದಂತಾಗುತ್ತಿತ್ತು. ನಾನು ಹಿಂದಿನ ಬಟ್ಟೆಯನ್ನು ಕಾಲಿನಿಂದ ಒದ್ದೆ. ಹೊಸ ಪಟ್ಟಿಗಳು ಅಲ್ಲಾಡಲಿಲ್ಲ. ಬಾಯಿ ತೆರೆದು ಕೂಗಲು ಹೊರಟೆ.

ಅಕ್ಕ ನನ್ನ ಬಾಯಿಗೆ ಅಂಗೈ ಒತ್ತಿದಳು.

"ಕೂಗಬೇಡ ಕಣೋ. ಜನ ಸೇರ್ತಾರೆ. ಅಪ್ಪ ಬಂದೇ ಬಿಡ್ತಾರೆ ಈಗ."

ಹೊರಗೆ ಜನ ಓಡಾಡುತ್ತಿದ್ದರು. ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ಇಬ್ಬರು ಹುಡುಗಿಯರು ಮಾತಾಡುತ್ತ ನಮ್ಮ ಪಕ್ಕದಲ್ಲೇ ನಡೆದು ಹೋದರು. ಒಂದು ದನಿಯನ್ನು ಅಕ್ಕ ಗುರುತಿಸಿದಳು, ಅವಳ ಜೊತೆ ಹೈಸ್ಕೂಲಿಗೆ ಬರುತ್ತಿದ್ದವಳದಂತೆ. ಒಂದು ಮೊಳ ದೂರವೂ ಇರಲಿಲ್ಲ. ಅಕ್ಕನ ಅಂಗೈ ನನ್ನ ಬಾಯಿಯ ಮೇಲೆ ಇನ್ನಷ್ಟು ಬಿಗಿಯಾಯಿತು. ದನಿಗಳು ದೂರವಾದವು.

ಆಮೇಲೆ ನನಗೆ ವಾಂತಿಯಾಯಿತು. ಅವಳ ಮಡಿಲಿನ ಮೇಲೆಯೇ. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಅವಳು ನನ್ನ ಕೆನ್ನೆ ತಟ್ಟಿ ಹೆಸರು ಕರೆಯುತ್ತಿದ್ದದ್ದು ಬಾವಿಯ ಮೇಲಿನಿಂದ ಕರೆದ ಹಾಗೆ ಕೇಳಿಸುತ್ತಿತ್ತು. ನಾನು ಉತ್ತರ ಕೊಡಲಿಲ್ಲ. ಕೊಡಲು ಆಗಲಿಲ್ಲ. ಅಕ್ಕ ತಲೆಯಿಂದ ಒಂದು ಹೇರ್‌ಪಿನ್ನು ಕಿತ್ತು, ಕತ್ತಲಲ್ಲೇ ತಡವಿ, ಪಕ್ಕದ ಹೊಲಿಗೆಯೊಳಗೆ ತೂರಿಸಿದಳು. ಒಂದೊಂದೇ ದಾರ ಟಪ್ ಟಪ್ ಎಂದು ಹರಿಯಿತು. ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ಬಿಳಿ ಬೆಳಕಿನ ಒಂದು ಗೆರೆ ಒಳಗೆ ಬಿತ್ತು. ಅವಳು ಬೆರಳು ಹಾಕಿ ಎಳೆದು, ನನ್ನ ಮುಖವನ್ನು ಆ ಬಿರುಕಿಗೆ ಒತ್ತಿ ಹಿಡಿದು, ಆಮೇಲೆ ಕೂಗಿದಳು.

ಅಕ್ಕ ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ಅಪ್ಪನನ್ನು ಕೂಗಲಿಲ್ಲ. "ಯಾರಾದ್ರೂ ಬನ್ನಿ, ನನ್ನ ತಮ್ಮ" ಎಂದಷ್ಟೇ, ಮತ್ತೆ ಮತ್ತೆ.

ಗರಗಸ ನಿಂತಿತು. ಸಾಮಿಲ್ಲಿನಲ್ಲಿ ಹುಡಿ ತುಂಬುತ್ತಿದ್ದ ಒಬ್ಬ ಹೆಂಗಸು ಮೊದಲು ಓಡಿ ಬಂದಳು. ತಮಿಳಿನಲ್ಲಿ ಏನೋ ಹೇಳುತ್ತ ಪಟ್ಟಿಗಳನ್ನು ಬಿಚ್ಚಿ, ನನ್ನನ್ನು ಎರಡು ತೋಳಿನಲ್ಲಿ ಎತ್ತಿಕೊಂಡು ಮರದ ದಿಮ್ಮಿಗಳ ನೆರಳಿನಲ್ಲಿ ಮಲಗಿಸಿ, ತಲೆಗೆ ನೀರು ಸುರಿದಳು. ಅವಳ ಮೈಯೆಲ್ಲ ಮರದ ಹುಡಿ. ಆ ನೀರಿನ ತಂಪು ಇವತ್ತಿಗೂ ನನ್ನ ನೆತ್ತಿಯಲ್ಲಿದೆ. ಕಣ್ಣು ಬಿಟ್ಟಾಗ ಸುತ್ತ ಇಪ್ಪತ್ತು ಮೂವತ್ತು ಜನ ನಿಂತಿದ್ದರು. ಅವರ ನಡುವೆ, ವಾಂತಿಯಾದ ಲಂಗದಲ್ಲಿ, ಬಿಚ್ಚಿದ ಜಡೆಯಲ್ಲಿ ಅಕ್ಕ ನಿಂತಿದ್ದಳು. ಎಲ್ಲರೂ ಅವಳನ್ನು ನೋಡುತ್ತಿದ್ದರು. ಅವಳು ನನ್ನನ್ನು ಮಾತ್ರ ನೋಡುತ್ತಿದ್ದಳು.

ಅಪ್ಪ ಜನರನ್ನು ತಳ್ಳಿಕೊಂಡು ಬಂದರು. ನನ್ನ ಪಕ್ಕ ಮಣ್ಣಿನಲ್ಲೇ ಕೂತು ಎದೆಯ ಮೇಲೆ ಕೈಯಿಟ್ಟು ನೋಡಿದರು. ಆಮೇಲೆ ಎದ್ದು ಜೀಪಿನ ಹತ್ತಿರ ಹೋಗಿ ಒಳಗೆ ತಲೆ ಹಾಕಿದರು. ಬಹಳ ಹೊತ್ತು ಹಾಗೇ ನಿಂತಿದ್ದರು. ತಲೆ ಹೊರತೆಗೆದಾಗ ಅವರ ಮುಖ ಒದ್ದೆಯಾಗಿತ್ತು, ಬೆವರೋ ಏನೋ. ಮನೆಯವರೆಗೂ ಹಿಂದಿನ ಬಟ್ಟೆಯನ್ನು ಮೇಲೆತ್ತಿ ಕಟ್ಟಿಯೇ ನಡೆಸಿದರು.

ಅಜ್ಜಿಗೆ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಬೀದಿಯಲ್ಲಿ ಕೂಗಿ ಜನ ಸೇರಿಸಿದಳಂತೆ ಎಂದು ಶುರು ಮಾಡಿದಳು. ಅಪ್ಪ ಬಾಗಿಲಲ್ಲೇ ನಿಂತು ಹೇಳಿದ್ದು ಇಷ್ಟೇ:

"ಕೂಗದೇ ಇದ್ದಿದ್ರೆ ಇವನು ಇರ್ತಿರಲಿಲ್ಲ ಅವ್ವಾ. ಅವಳು ಓದಕ್ಕೆ ಹೋಗ್ತಾಳೆ."

ಅಜ್ಜಿ ಮಗನ ಜೊತೆ ಯುಗಾದಿಯವರೆಗೂ ಮಾತು ಬಿಟ್ಟಳು. ಅಪ್ಪ ನಮ್ಮನ್ನು ಮತ್ತೆ ಶಿವಮೊಗ್ಗದ ಅದೇ ಅಂಗಡಿಗೆ ಕರೆದುಕೊಂಡು ಹೋದರು. ಬಕಲುಗಳನ್ನು ಒಳಗೂ ಹೊರಗೂ ಬಿಚ್ಚಲು ಬರುವಂತೆ ಹಾಕಿಸಿದರು. ಬಿರುಕು ಬಿಟ್ಟ ಜಾಗದಲ್ಲಿ ಕಿಟಕಿ ಇಡಬಹುದು, ಎಷ್ಟು ದೊಡ್ಡದು ಬೇಕು ಎಂದು ಮೇಸ್ತ್ರಿ ಕೇಳಿದಾಗ ಅಪ್ಪ ಅಕ್ಕನ ಕಡೆ ತಿರುಗಿದರು. ಅವಳು ಎರಡು ಕೈ ಎತ್ತಿ, ಒಂದು ಬರೆಯುವ ಪಾಟಿಯಷ್ಟು ಅಳತೆ ತೋರಿಸಿದಳು. ಅಪ್ಪ ಏನೂ ಹೇಳಲಿಲ್ಲ. ಅವಳು ಕೈಗಳನ್ನು ಇನ್ನೊಂದಿಷ್ಟು ಅಗಲಿಸಿದಳು. ಮೇಸ್ತ್ರಿ ಅಷ್ಟಕ್ಕೇ ಗುರುತು ಹಾಕಿಕೊಂಡರು.

ಆದರೆ ಮಕ್ಕಳೇ, ನಡುವಿನ ಪರದೆ ಹಾಗೇ ಉಳಿಯಿತು. ಅಕ್ಕ ಕೂರುವ ಜಾಗ ಹಿಂದೆಯೇ ಇತ್ತು. ಶಾಲೆಗೆ ರಜೆಯಿದ್ದ ದಿನ ಅವಳ ಪಕ್ಕ ನಾನೂ ಇರುತ್ತಿದ್ದೆ. ಟ್ರೈನಿಂಗ್ ಮುಗಿಯುವವರೆಗೂ ಅವಳು ಪೇಟೆಯನ್ನು ನೋಡಿದ್ದು ಆ ಒಂದು ಚೌಕದಿಂದ. ಬಿಸಿಲಿಗೆ ಪ್ಲಾಸ್ಟಿಕ್ ಹಳದಿಯಾಗಿ, ಕೊನೆಕೊನೆಗೆ ಹೊರಗಿನ ಜನರೆಲ್ಲ ಕಾಮಾಲೆಯವರಂತೆ ಕಾಣುತ್ತಿದ್ದರು. ಅವಳು ಟೀಚರ್ ಆದಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದಳು.

ಮೊನ್ನೆ ಶಿವಮೊಗ್ಗದ ಗೋಪಾಳದಲ್ಲಿರುವ ನಮ್ಮ ಮನೆಯ ಮುಂದೆ ನಿಮ್ಮಪ್ಪನ ಜೀಪಿಗೆ ಹೊಸ ಟಾಪು ಹಾಕುವ ಗಲಾಟೆ ನೋಡುತ್ತ ನಾನು ಜಗಲಿಯಲ್ಲಿ ಕೂತಿದ್ದೆ. ನೀವಿಬ್ಬರೂ ವಾರವಿಡೀ ಮೊಬೈಲಿನಲ್ಲಿ ಬಣ್ಣ ನೋಡಿ, ಜಗಳವಾಡಿ, ಮೂರೂ ಕಡೆ ಕಿಟಕಿಯಿರುವುದನ್ನೇ ತರಿಸಿದಿರಿ. ಅದನ್ನು ಸಿಕ್ಕಿಸುವಾಗ ಪುಟ್ಟಿ, ನೀನು ಒಳಗಿದ್ದೆ. ಪಕ್ಕದ ಜಿಪ್ಪು ಎಲ್ಲೋ ಸಿಕ್ಕಿಕೊಂಡಿತು. ಒಂದು ಕ್ಷಣವೂ ಆಗಿರಲಿಲ್ಲ, ನೀನು ಕೂಗಿದ್ದಕ್ಕೆ ಆಚೆ ಬೀದಿಯವರೂ ಬಾಗಿಲಿಗೆ ಬಂದರು. ಯಾರೂ ನಿನಗೆ ಸುಮ್ಮನಿರು ಎನ್ನಲಿಲ್ಲ. ಎಲ್ಲರೂ ನಗುತ್ತ ಬಂದು ಜಿಪ್ಪು ಬಿಡಿಸಿದರು.

ಆವತ್ತು ಅಕ್ಕ, ನಿಮ್ಮ ದೊಡ್ಡಜ್ಜಿ, ನನ್ನ ಪಕ್ಕದಲ್ಲೇ ಕೂತಿದ್ದಳು. ಈ ಹಳೆಯ ಕತೆಯನ್ನು ನಿಮಗೆ ಬಾಯಿಮಾತಿನಲ್ಲಿ ಹೇಳಿದ್ದೂ ಆಗಲೇ, ಈಗ ಬರೆದಿಡುತ್ತಿದ್ದೇನೆ. ಕತ್ತಲೆಗೆ ತುಂಬಾ ಹೆದರಿದ್ರಾ ಅಜ್ಜಿ ಎಂದು ನೀನು ಅವಳ ಮೊಣಕಾಲು ಹಿಡಿದು ಕೇಳಿದೆ. ಅವಳು ನಿನ್ನ ಕೂದಲು ಸರಿಮಾಡಿದಳು.

"ಕತ್ತಲೆಗಲ್ಲ ಮಗಾ," ಎಂದಳು. "ಕೂಗಿದ್ರೆ ಯಾರಾದ್ರೂ ಕೇಳಿಸ್ಕೊಂಡು ಬಿಡ್ತಾರಲ್ಲ ಅಂತ ಹೆದರಿದ್ದೆ."

ನಿನಗೆ ಅದು ಅರ್ಥವಾಗಲಿಲ್ಲ. ಮತ್ತೆ ಆಟಕ್ಕೆ ಓಡಿದೆ.