ಕೋಳಿಗೂಡಿನ ಕ್ಲಾರಿ ಇಪ್ಪತ್ತಮೂರಕ್ಕಿಳಿದದ್ದು

ಕ್ಲಾರಿ ಪೆನ್‌ಹ್ಯಾಲೋನನ್ನು ನಾನು ಮೊದಲು ಕಂಡದ್ದು ಒಂದು ಕೋಳಿಗೂಡಿನ ಒಳಗೆ. ಟರ್ರಾಗುಲ್ ಶಾಲೆಗೆ ನಾನು ವರ್ಗವಾಗಿ ಬಂದ ದಿನ ಅದು. ಮಕ್ಕಳಿಗಾಗಿ ತಂದ ಗೂಡು ಗಟ್ಟಿಯಿದೆಯೇ ಎಂದು ನೋಡಲು ಒಳಹೊಕ್ಕವನು, ಅಗಲವಾದ ಭುಜಗಳ ದೆಸೆಯಿಂದ ಹೊರಬರಲಾಗದೆ ಕುಳಿತಿದ್ದ.

"ಹೊಸ ಮೇಷ್ಟ್ರಾ? ನರಿ ಒಳಗೆ ಬರಲ್ಲ, ಗ್ಯಾರಂಟಿ. ಸದ್ಯಕ್ಕೆ ನಾನೇ ಆಚೆ ಬರಕ್ಕಾಗ್ತಿಲ್ಲ," ಎಂದ.

ಸುತ್ತಲೂ ಗೋಧಿ ಹೊಲಗಳಿರುವ ನಮ್ಮ ಊರಿನಲ್ಲಿ ಕ್ಲಾರಿಗೆ ಎರಡು ಕೆಲಸ: ಗೂಡು ಕಟ್ಟುವುದು, ಫುಟ್ಬಾಲ್ ತಂಡಕ್ಕೆ ತರಬೇತಿ ಕೊಡುವುದು. ಮೊದಲನೆಯದರಿಂದ ಹೊಟ್ಟೆ ತುಂಬುತ್ತಿತ್ತು. ಅವನಿಗೊಂದು ವೆಬ್‌ಸೈಟ್ ಇತ್ತು. ಯಾರಾದರೂ 'ನರಿ ಮುಟ್ಟದ ಕೋಳಿಗೂಡು' ಎಂದು ಹುಡುಕಿದರೆ ಕ್ಲಾರಿಯ ಹೆಸರೇ ಮೊದಲು ಬರುತ್ತಿತ್ತು.

ಒಂದು ಏಪ್ರಿಲ್‌ನಲ್ಲಿ ಇಂಟರ್ನೆಟ್ಟಿನಲ್ಲಿ ಹುಡುಕಿಕೊಡುವ ಯಂತ್ರದವರು, ಯಾರನ್ನು ಮೇಲೆ ತೋರಿಸಬೇಕೆಂಬ ತಮ್ಮ ಲೆಕ್ಕಾಚಾರ ಬದಲಿಸಿದರು. ಬೆಳಗಾಗುವಷ್ಟರಲ್ಲಿ ಕ್ಲಾರಿ ಇಪ್ಪತ್ತಮೂರನೆಯವನಾಗಿದ್ದ. ಇಪ್ಪತ್ತೆರಡನೆಯದು ಬೆಕ್ಕುಗಳಿಗೆ ಸ್ವೆಟರ್ ಹೆಣೆಯುವ ಅಂಗಡಿ. ಗೂಡು ಬೇಕೆಂದು ಕೇಳುವವರೇ ಇಲ್ಲವಾದರು.

ಅವನ ಹೆಂಡತಿ ನೆರಿಡಾ ಗಡುವು ಕೊಟ್ಟಳು. "ಸೆಪ್ಟೆಂಬರ್‌ವರೆಗೂ ನೋಡ್ತೀನಿ ಕ್ಲಾರಿ. ಆಮೇಲೆ ಗೂಡು ಕಟ್ಟೋ ಶೆಡ್ಡಿಗೆ ಬೀಗ. ನಮ್ಮಣ್ಣನ ಬೇಕರಿಗೆ ಹೋಗು. ಅವನು ಮಾರೋ ಮಾಂಸದ ಪೈ ಥರ ವೇಷ ಹಾಕ್ಕೊಂಡು ರಸ್ತೇಲಿ ನಿಂತು ಕೈಬೀಸೋಕೆ ಆಳು ಬೇಕಂತೆ."

"ಪೈ ವೇಷಾನಾ?"

"ಸಾಸ್ ಟೋಪೀನೂ ಕೊಡ್ತಾರಂತೆ."

ಫುಟ್ಬಾಲ್ ತರಬೇತುದಾರನಿಗೆ ಪಟ್ಟಿಯಲ್ಲಿ ಕೆಳಗಿಳಿಯುವುದಕ್ಕೆ ಒಂದೇ ಕಾರಣ ಗೊತ್ತು: ಅಭ್ಯಾಸ ಸಾಲದು. ಪ್ರತಿ ಮಂಗಳವಾರ, ಗುರುವಾರ ಆಟವಾದ ಮೇಲೆ ಕೆಸರು ಮೆತ್ತಿದ ಹದಿನೆಂಟು ಆಟಗಾರರನ್ನು ಕ್ಲಬ್ಬಿನ ಬೆಂಚುಗಳ ಮೇಲೆ ಕೂರಿಸಿ, ಅವರವರ ಫೋನಿನಲ್ಲಿ ತನ್ನ ಹೆಸರನ್ನು ಹುಡುಕಿಸಿ ಒತ್ತಿಸಿದ. "ಒತ್ರೋ! ಅರ್ಧ ಮನಸ್ಸಲ್ಲಿ ಒತ್ತಿದೋನು ಮೈದಾನಕ್ಕೆ ಇನ್ನೆರಡು ಸುತ್ತು!" ಒಂದು ತಿಂಗಳು ಒತ್ತಿದರು. ಕ್ಲಾರಿ ಮೂವತ್ತೊಂದಕ್ಕಿಳಿದ. ತಂಡದ ಫುಲ್‌ಬ್ಯಾಕ್ ಕೈತಪ್ಪಿ ಒಂದು ಬೆಕ್ಕಿನ ಸ್ವೆಟರ್ ಕೊಂಡ.

ಆಮೇಲೆ ಕ್ಲಾರಿ ವೆಬ್‌ಸೈಟಿನ ಪುಟವನ್ನೇ ತಿದ್ದಿದ. ದಿನಕ್ಕೊಂದು ಬಣ್ಣ, ದಿನಕ್ಕೊಂದು ತಲೆಬರಹ. ಕೊನೆಗೆ ನನ್ನನ್ನು ಶೆಡ್ಡಿಗೆ ಕರೆದು ತೋರಿಸಿದ. 'ಕೋಳಿಗೂಡು ಬೇಕೆ? ಕೋಳಿಗೂಡಿನಂಥ ಕೋಳಿಗೂಡೇ ನಮ್ಮ ಕೋಳಿಗೂಡು' ಎಂದು ಶುರುವಾಗಿ, ನೂರ ಹದಿನಾಲ್ಕು ಕೋಳಿಗೂಡುಗಳ ನಂತರ ಮುಗಿಯುತ್ತಿತ್ತು.

"ಇದನ್ನ ಯಾರಿಗೆ ಬರ್ದಿದೀಯ?" ಎಂದೆ.

"ಯಂತ್ರಕ್ಕೆ, ಮೇಷ್ಟ್ರೇ."

"ಯಂತ್ರ ಕೋಳಿ ಸಾಕುತ್ತಾ? ನಿನಗಿಂತ ಮೇಲಿರೋರ ಪುಟದಲ್ಲಿ ಏನಿದೆ ನೋಡಿದ್ಯಾ?"

ಅವನಿಗೆ ಆಘಾತವಾಯಿತು. "ಎದುರಾಳಿ ಬಟ್ಟೆ ಬದಲಾಯ್ಸೋ ಕೋಣೆಗೆ ನುಗ್ಗೋ ಜನ ಅಲ್ಲ ನಾವು."

ಅಷ್ಟರಲ್ಲಿ ಫೋನ್ ಬಂತು. ಹಿಂದೆಂದೋ ಗೂಡು ಕೊಂಡಿದ್ದ ಹೆಂಗಸು. ನರಿ ಕೆಳಗಿನಿಂದ ತೋಡಿಕೊಂಡು ಬಂದರೆ ಏನು ಮಾಡಲಿ ಎಂದು ಕೇಳಿದಳು. ಕ್ಲಾರಿ ಎದ್ದು ನಿಂತ. ತಂತಿಬಲೆಯನ್ನು ಗೂಡಿನ ಸುತ್ತ ನೆಲದ ಮೇಲೆ ಒಂದು ಮೊಳ ಹೊರಚಾಚಿ ಹಾಸಬೇಕು, ನರಿಗೆ ಹಿಂದೆ ಸರಿದು ತೋಡುವ ಬುದ್ಧಿಯಿಲ್ಲ ಎಂದು, ತಾನೇ ನರಿಯಾಗಿ ನೆಲ ಕೆರೆಯುತ್ತ ಅರ್ಧ ಗಂಟೆ ವಿವರಿಸಿದ. ಫೋನಿನಲ್ಲಿ ಅದು ಆಕೆಗೆ ಕಾಣುತ್ತಿರಲಿಲ್ಲ.

"ಈಗ ಹೇಳಿದ್ದು ನಿನ್ನ ಪುಟದಲ್ಲಿ ಇದೆಯಾ?"

"ಅದೆಲ್ಲರಿಗೂ ಗೊತ್ತಿರೋದೇ ಅಲ್ವಾ?"

"ಗೊತ್ತಿದ್ರೆ ಆಯಮ್ಮ ಯಾಕೆ ಫೋನ್ ಮಾಡ್ತಿದ್ಲು?"

ಅಂದೇ ನೂರಕ್ಕೂ ಹೆಚ್ಚು ಕೋಳಿಗೂಡುಗಳನ್ನು ಅಳಿಸಿ ಹಾಕಿದೆವು. ಜನ ಕೇಳುವ ಒಂದೊಂದು ಪ್ರಶ್ನೆಗೂ ಅವನು ಉತ್ತರ ಹೇಳಿದ, ನಾನು ಬರೆದುಕೊಂಡೆ. ಇನ್ನು ಪುಟವನ್ನು ಕೆದಕಬಾರದು, ಸ್ಥಾನವನ್ನು ಶನಿವಾರ ಮಾತ್ರ ನೋಡಬೇಕು ಎಂದು ಕಟ್ಟಪ್ಪಣೆ ಮಾಡಿದೆ. ಪಾಪ, ಶುಕ್ರವಾರಗಳಂದು ಅವನಿಗೆ ಊಟ ಸೇರುತ್ತಿರಲಿಲ್ಲ. ಜೂನ್‌ನಲ್ಲಿ ಏನೂ ಆಗಲಿಲ್ಲ. ಜುಲೈಯಲ್ಲಿ ಬೆಕ್ಕಿನ ಸ್ವೆಟರನ್ನು ದಾಟಿದ. ಆಗಸ್ಟ್ ಕೊನೆಗೆ ಎಂಟನೆಯವನಾಗಿ ನಿಂತ. ಶೆಡ್ಡಿನಲ್ಲಿ ಮತ್ತೆ ಗರಗಸದ ಸದ್ದು ಕೇಳಿತು. ನೆರಿಡಾ ಅಣ್ಣನಿಗೆ ಫೋನ್ ಮಾಡಿ, ಬೇರೆ ಪೈ ನೋಡಿಕೊಳ್ಳಲು ಹೇಳಿದಳು.

ಕ್ಲಾರಿ ಮತ್ತೆ ಮೊದಲನೆಯವನಾಗಲೇ ಇಲ್ಲ. ಅದನ್ನು ಕೇಳಿದರೆ ಈಗಲೂ ಮುಖ ಸಣ್ಣದು ಮಾಡುತ್ತಾನೆ. ಆದರೆ ಹೆಚ್ಚು ಹೊತ್ತು ಅಲ್ಲ, ಕೆಲಸವಿದೆ. ಬಾತುಗಳೂ ಕೋಳಿಗಳೂ ಒಂದೇ ಗೂಡಿನಲ್ಲಿ ಇರಬಹುದೇ ಎಂದು ಯಾರೋ ಕೇಳಿದ್ದಾರೆ. ಗೊತ್ತಿಲ್ಲದ್ದನ್ನು ಬರೆಯಬಾರದೆಂದು ಆರು ಬಾತು ತಂದು, ಬೆಳಗಿನಿಂದ ಚಹದ ಲೋಟ, ನೋಟ್‌ಬುಕ್ ಹಿಡಿದು ಅಂಗಳದಲ್ಲಿ ಕೂರುತ್ತಾನೆ. ನಿನ್ನೆ ಹೋಗಿದ್ದೆ.

"ಮೆಲ್ಲಗೆ ಬನ್ನಿ ಮೇಷ್ಟ್ರೇ, ಈಗಷ್ಟೇ ಜಗಳ ಶುರುವಾಗಿದೆ," ಎಂದು ನನಗೂ ಒಂದು ಸ್ಟೂಲು ತಳ್ಳಿದ.